ಕಾಲಡಿಯ ಮೀನು, ಕಲ್ಲೊಳಗಿನ ಆನೆ

ಬಾಗಲಕೋಟೆಯ ನವನಗರ. ಹುಟ್ಟುಹಬ್ಬದ ಊಟ ಮುಗಿಸಿ ಎಲೆ ಅಡಿಕೆಗೆ ಕೈ ಚಾಚುವಷ್ಟರಲ್ಲಿ ದೀಪ ಆರಿಸಿದರು. ನೆಲದ ಮೇಲೊಂದು ಕೊಳ ಮೂಡಿತು. ನೀಲಿ ನೀರು, ಕೆಂಪು ಮೀನು. ಅಣ್ಣನ ಆರು ವರ್ಷದ ಮಗಳು ಕಾಲಿಟ್ಟದ್ದೇ ತಡ, ಅಲೆ ಎದ್ದು ಮೀನುಗಳು ಚೆಲ್ಲಾಪಿಲ್ಲಿಯಾದವು. "ಕಾಕಾ, ನನ್ನ ಕಂಡ್ರ ಅಂಜತಾವು ನೋಡು!" ನಾನೂ ಇಳಿದೆ. ತೋಯ್ದೀತೆಂದು ಪ್ಯಾಂಟಿನ ತುದಿ ಎತ್ತಿ ಹಿಡಿದಿದ್ದೆ ಎಂಬುದು ಎಲ್ಲರೂ ನಕ್ಕ ಮೇಲೆ ಗೊತ್ತಾಯಿತು.

ಮೇಲೆ ಪ್ರೊಜೆಕ್ಟರ್, ಅದರ ಪಕ್ಕದಲ್ಲಿ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುವ ಕ್ಯಾಮೆರಾ. ಕಾಲು ಎಲ್ಲಿದೆಯೆಂದು ಕ್ಯಾಮೆರಾ ಹೇಳುತ್ತದೆ, ಕಂಪ್ಯೂಟರ್ ಮೀನನ್ನು ಓಡಿಸುತ್ತದೆ. ಕ್ಯಾಮೆರಾ ಕಂಡ ನೆಲಕ್ಕೂ ಪ್ರೊಜೆಕ್ಟರ್ ಬರೆಯುವ ನೆಲಕ್ಕೂ ಮೊದಲೇ ಮೂಲೆಗೆ ಮೂಲೆ ತಾಳೆ ಹಾಕಿರಬೇಕು. ಯಾವನೋ ಪೋರ ಸ್ಟ್ಯಾಂಡಿಗೆ ಡಿಕ್ಕಿ ಹೊಡೆದ. ಇಲ್ಲಿ ತುಳಿದರೆ ಒಂದು ಮಾರು ಆಚೆಗೆ ಮೀನು ಓಡತೊಡಗಿತು. ಆಟದ ರುಚಿಯೇ ಕೆಟ್ಟು ಮಕ್ಕಳು ಐಸ್‌ಕ್ರೀಮಿನ ಕಡೆ ನಡೆದರು.

ಇದೂ ಆಗ್ಮೆಂಟೆಡ್ ರಿಯಾಲಿಟಿಯೇ ಎಂದೆ. "ಇದನ್ನ ಆಗ್ಮೆಂಟೆಡ್ ರಿಯಾಲಿಟಿ ಅಂತ ಹೆಂಗ ಅಂತೀರಿ? ಕನ್ನಡಕ ಎಲ್ಲೈತಿ, ಮೊಬೈಲ್ ಎಲ್ಲೈತಿ?" ಎಂದು ಗೆಳೆಯ ತಕರಾರು ತೆಗೆದ. ಸಂಶೋಧಕ ರೊನಾಲ್ಡ್ ಅಜುಮಾ 1997ರಲ್ಲಿ ಅದಕ್ಕೆ ಇಟ್ಟ ಮೂರು ಷರತ್ತುಗಳಲ್ಲಿ ಕನ್ನಡಕದ ಮಾತೇ ಇಲ್ಲ. ನಿಜದ ಜೊತೆ ಕಲ್ಪಿತ ಬೆರೆಯಬೇಕು, ಆ ಕ್ಷಣಕ್ಕೇ ಮರುನುಡಿಯಬೇಕು, ಮೂರು ಆಯಾಮದ ಜಾಗದಲ್ಲಿ ತನ್ನ ನೆಲೆಗೆ ಅಂಟಿಕೊಂಡಿರಬೇಕು. ನಮ್ಮ ಮೀನಿಗೆ ಆಳವಿಲ್ಲವೆಂದು ಮಡಿವಂತರು ಮೂರನೆಯದರಲ್ಲಿ ಅದನ್ನು ಫೇಲು ಮಾಡಬಹುದು. ನಾಸಿಕದ ರಮೇಶ್ ರಸ್ಕರ್ ಮತ್ತು ಸಂಗಡಿಗರು ಮಾತ್ರ 1998ರಲ್ಲೇ, ಬೆಳಕನ್ನು ನೇರ ವಸ್ತುವಿನ ಮೇಲೆ ಚೆಲ್ಲುವುದನ್ನೂ ಇದೇ ಬಳಗಕ್ಕೆ ಸೇರಿಸಿದ್ದರು. ಅದಕ್ಕೂ ಹಿಂದೆ, 1971ರಲ್ಲಿ, ಅಮೆರಿಕದ ಮೈರನ್ ಕ್ರೂಗರ್ ಹೆಜ್ಜೆಯ ಭಾರ ಅರಿಯುವ ನೆಲವನ್ನೇ ಕಟ್ಟಿದ್ದ. ನಾನು ಆ ಪೋರ ಡಿಕ್ಕಿ ಹೊಡೆದ ಗಳಿಗೆಯನ್ನೇ ನೆಚ್ಚಿದೆ. ತಾಳೆ ತಪ್ಪಿದ್ದೇ ಮಾಯೆ ಸತ್ತಿತಲ್ಲ, ಮೂರನೆಯ ಷರತ್ತೇ ಇದರ ಜೀವ.

ಮರುದಿನ ಅಣ್ಣನ ಮಗಳೊಂದಿಗೆ ಬಾದಾಮಿ. ಜನ ಮೇಣಬಸದಿ ಎನ್ನುವ ಗುಹೆಗಳ ಮೆಟ್ಟಿಲು ಹತ್ತಿದೆವು. ಮೂರನೆಯ ಗುಹೆ 578ರದೆಂದು ಚಾಲುಕ್ಯ ಮಂಗಳೇಶನ ಶಾಸನವೇ ಹೇಳುತ್ತದೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮೊದಲನೆಯದು. ದ್ವಾರಪಾಲಕನ ಕೆಳಗೆ ಮೊಣಕಾಲೆತ್ತರದ ಒಂದು ಕೆತ್ತನೆ, ಎರಡು ಮೈಗೆ ಒಂದೇ ತಲೆ. ಗೈಡ್ ಅಂಗೈಯಿಂದ ಒಂದು ಬದಿ ಮುಚ್ಚಿದ. "ನೋಡ್ರಿ, ಬಸವಣ್ಣ." ಕೈಯನ್ನು ಇನ್ನೊಂದು ಬದಿಗೆ ಸರಿಸಿದ. "ಈಗ ಆನಿ." ನನ್ನ ಮೈ ಜುಮ್ಮೆಂದಿತು! ಕಲ್ಲು ಕದಲಿಲ್ಲ, ಬೆಳಕು ಬದಲಾಗಲಿಲ್ಲ, ಎತ್ತು ಇದ್ದಲ್ಲೇ ಆನೆ ಎದ್ದು ಬಂತು. ಹುಡುಗಿ ತನ್ನ ಪುಟ್ಟ ಕೈಯಿಂದ ಹತ್ತು ಸಲ ಮುಚ್ಚಿ ತೆರೆದಳು. ಆಚೆ ಹದಿನೆಂಟು ಕೈಯ ನಟರಾಜ. ಇತ್ತಲ ಒಂದು ಕೈ, ಅತ್ತಲ ಒಂದು ಕೈ ಆರಿಸಿಕೊಳ್ಳುತ್ತ ಹೋದರೆ ಎಂಬತ್ತೊಂದು ಭಂಗಿ ಎಂಬುದು ಗೈಡ್‌ನ ಲೆಕ್ಕ. ಅಜುಮಾನ ಪರೀಕ್ಷೆಯಲ್ಲಿ ಇವೆಲ್ಲ ಪಾಸಾಗಲಾರವು. ಅಲ್ಲಿ ಮರುನುಡಿಯುವುದು ಯಂತ್ರ, ಇಲ್ಲಿ ನೋಡುವವನ ಕಣ್ಣು.

ಅಲ್ಲಿಂದ ಹೊರಟು, ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಹುಚ್ಚಪ್ಪಯ್ಯನ ಗುಡಿಯೊಳಗೆ ಕತ್ತೆತ್ತಿ ನಿಂತೆ. ಈ ಗುಡಿಯ ಛತ್ತಿನ ಫಲಕಗಳನ್ನು ವರ್ಷಗಳ ಹಿಂದೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ನೋಡಿದ್ದೆ. ಒಂದರಲ್ಲಿ ಬ್ರಹ್ಮ, ಇನ್ನೊಂದರಲ್ಲಿ ಶೇಷನ ಮೇಲೆ ಒರಗಿದ ವಿಷ್ಣು. ನೆತ್ತಿಯ ಮೇಲೆ ತೇಲಬೇಕಾದವರು ಅಲ್ಲಿ ಗೋಡೆಗೆ ಆನಿಕೊಂಡು ನಮ್ಮೆದುರು ನಿಂತಿದ್ದರು. ಚಿತ್ರಕ್ಕೆ ಊನವಿಲ್ಲ, ಕೆತ್ತನೆ ಹಾಗೇ ಇದೆ. ಆದರೂ ಆವತ್ತು ಅಲ್ಲೇನೋ ಒಂದು ಮಾರು ಆಚೆ ಸರಿದಂತೆ ಅನ್ನಿಸಿತ್ತು. ಯಾಕೆಂಬುದು ತಿಳಿದದ್ದು ಐಹೊಳೆಯಲ್ಲಿ ಕತ್ತು ನೋಯತೊಡಗಿದಾಗ.

ಇಳಕಲ್ಲಿಗೆ ಬಂದಾಗ ಇಳಿಹೊತ್ತು. ಈ ಊರಿನ ಕೆಂಪು ಗ್ರಾನೈಟ್ ದೊಡ್ಡ ದೊಡ್ಡ ಕಟ್ಟಡಗಳ ನೆಲವಾಗಿದೆ. ನಮ್ಮ ಬೆಳಕಿನ ಮೀನಿಗೆ ಮಾತ್ರ ಅದು ಒಗ್ಗದು. ಪಾಲಿಶ್ ಮಾಡಿದ ಕಡುಬಣ್ಣದ ಕಲ್ಲಿನ ಮೇಲೆ ಪ್ರೊಜೆಕ್ಟರಿನ ಬೆಳಕು ನಿಲ್ಲದೆ ಜಾರುತ್ತದೆ. ನವನಗರದಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ ಹುಡುಗ ನೆಲಕ್ಕೆ ಬಿಳಿ ಹಾಸು ಹಾಸಿದ್ದು ಅದಕ್ಕೇ.

ಅಲ್ಲೇ ನೇಕಾರನೊಬ್ಬನ ಕುಣಿಮಗ್ಗದ ಮುಂದೆ ಹುಡುಗಿ ಕೂತುಬಿಟ್ಟಳು. ನೇಕಾರ ತಗ್ಗಿನಲ್ಲಿ ಕಾಲಿಳಿಬಿಟ್ಟು ತುಳಿಯುತ್ತಾನೆ, ತುಳಿದಂತೆಲ್ಲ ಮೇಲೆ ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ಓಡುತ್ತದೆ. "ಇವರ ಕಾಲಾಗ ಮೀನು ಅದಾವೇನ್ ಕಾಕಾ?" ಎಂದಳು. ನೇಕಾರ ನಕ್ಕು, ಮುಗಿದ ಸೀರೆಯೊಂದನ್ನು ಬಿಡಿಸಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗ ತೋರಿಸಿದ. ಒಡಲಿನ ಹಾಸು ಬೇರೆ, ಟೋಪಿ ತೆನಿ ವಿನ್ಯಾಸದ ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ.

"ಒಂದು ಎಳಿ ತಪ್ಪಿದ್ರ?"

"ತಪ್ಪಿದ್ರ ಬಿಚ್ಚಬೇಕ್ರಿ."

ಹುಡುಗಿ ಕಣ್ಣು ಮುಚ್ಚಿ ಬೆರಳಾಡಿಸಿ ಆ ಕೂಡಿದ ಗೆರೆಯನ್ನು ಹುಡುಕಿದಳು. ಸಿಗಲಿಲ್ಲ. ನಾನೂ ಹುಡುಕಿದೆ.