ಖುಲಾಸೆಯ ಮೇಲೊಂದು ನೋಟಿಸು

2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. ಆಮೇಲೆ ಉರಿಗಾಂನ ನಮ್ಮ ಲೈನಿಗೆ ಅಧಿಕಾರಿಗಳು ಬಂದಾಗಲೆಲ್ಲ ಮಾತಿಗೆ ಮಾತು ಬೆಳೆಯುತ್ತಿತ್ತು. ಹಾಗೆ ಬೆಳೆದ ಮಾತಿಗೇ ಪಕ್ಕದ ಮನೆಯ ಚಾಚಾ ಮೇಲೆ 353ನೇ ಕಲಮಿನ ಕೇಸು ಬಿತ್ತು: ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ, ಕೈ ಮಾಡಿದ್ದು. ವರ್ಷಗಟ್ಟಲೆ ಅಲೆದು ಖುಲಾಸೆಯಾದರು. ನಾವು ಮಿಠಾಯಿ ಹಂಚಿದೆವು. ಅಷ್ಟರಲ್ಲೇ ಸರ್ಕಾರದ ಮೇಲ್ಮನವಿಯ ನೋಟಿಸು.

"ಬಿಟ್ಟವರೇ ಮತ್ತೆ ಹಿಡೀತಾರಾ, ಬೇಟಾ?"

ಖುಲಾಸೆಯಾದವನ ನಿರಪರಾಧಿತ್ವ ಇಮ್ಮಡಿ ಗಟ್ಟಿ, ಎರಡು ಅಭಿಪ್ರಾಯ ಸಾಧ್ಯವಿದ್ದರೆ ಬಿಡುಗಡೆಯನ್ನು ಕದಲಿಸಬಾರದು ಎಂದು 2007ರ ಚಂದ್ರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ನಾವು ವಿವರಿಸಿದೆವು. ಸಾಕ್ಷ್ಯವನ್ನೆಲ್ಲ ಮೊದಲಿನಿಂದ ತೂಗುವ ಪೂರ್ಣ ಅಧಿಕಾರ ಮೇಲಿನ ಕೋರ್ಟಿಗಿದೆ ಎಂಬುದೂ ಅದೇ ತೀರ್ಪಿನಲ್ಲಿತ್ತು. ಅದನ್ನು ಹೇಳಲು ನಮಗೆ ಬಾಯಿ ಬರಲಿಲ್ಲ.

ಚಾಚಾ ತಲೆಯಾಡಿಸಿದರು. ಅಟ್ಟಕ್ಕೆ ಹಾಕಿದ್ದ ಕೋರ್ಟಿನ ಚೀಲವನ್ನು ಇಳಿಸಿ, ಧೂಳು ಕೊಡವಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರು.