ಬೂದಿದಿಬ್ಬದ ರಕ್ಕಸರು

ಸಿಂಧನೂರಿನಿಂದ ಲಿಂಗಸೂಗೂರಿಗೆ ಹೊರಟ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ನೀರು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಬತ್ತದ ಕಣಜವಾಗಿದೆ. ಮಸ್ಕಿ ಸಮೀಪಿಸಿದಂತೆ ನೆಲದ ಚಹರೆಯೇ ಬೇರೆ. ಒಂದರ ಮೇಲೊಂದು ಪೇರಿಸಿಟ್ಟಂತಹ ಬೃಹತ್ ಬಂಡೆಗಳು, ಅವುಗಳ ಸಂದಿಯಲ್ಲಿ ಕತ್ತಲು ತುಂಬಿದ ಗವಿಗಳು, ಕೆಳಗೆ ಕಪ್ಪು ಎರೆಯ ಬಯಲು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನಲ್ಲಿ ಒಂದು ಕಾಲಕ್ಕೆ ರಕ್ಕಸರು ವಾಸವಾಗಿದ್ದರೆಂದು ಯಾರಾದರೂ ಹೇಳಿದರೆ, ಹಗಲು ಹೊತ್ತಿನಲ್ಲಿಯೂ ಅದನ್ನು ಅಲ್ಲಗಳೆಯಲು ನಾಲಗೆ ಏಳದು.

ಹಾಗೆ ಹೇಳುವವರು ಬರಿಯ ಬಾಯಿಮಾತಿಗೆ ನಿಲ್ಲುವುದಿಲ್ಲ, ಸಾಕ್ಷಿಯನ್ನೂ ತೋರಿಸುತ್ತಾರೆ. ಅದೇ ಬೂದಿದಿಬ್ಬ. ಲಿಂಗಸೂಗೂರು ಸೀಮೆಯ ಗೌಡೂರು, ವಂದಲಿಗಳಿಂದ ಹಿಡಿದು ಬಳ್ಳಾರಿಯವರೆಗೆ ಇಂತಹ ದಿಬ್ಬಗಳು ಹತ್ತಾರು. ಮೇಲಿನ ಮಣ್ಣನ್ನು ಕೆದಕಿದರೆ ನಸುಬಿಳುಪಿನ ನುಣ್ಣನೆಯ ಬೂದಿ; ನಡುನಡುವೆ ಕರಗಿ ಹೆಪ್ಪುಗಟ್ಟಿದ, ಗಾಜಿನಂತೆ ಹೊಳೆಯುವ ಕಿಟ್ಟ. ಬಳ್ಳಾರಿ ಹೊಸಪೇಟೆಗಳ ನಡುವಣ ಕುಡತಿನಿಯ ದಿಬ್ಬವಂತೂ ಸುಮಾರು 30 ಅಡಿ ಎತ್ತರ. ಭೀಮಸೇನನು ಕೊಂದ ಹಿಡಿಂಬನನ್ನು ಸುಟ್ಟುದು ಅಲ್ಲಿಯೇ ಎಂದು ಜನರ ನಂಬಿಕೆ. ಹಂಪೆಯ ಬಳಿ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ತೋರಿಸುತ್ತಾರೆ. ವಾಲಿ ರಾಕ್ಷಸನಲ್ಲ, ವಾನರ. ಆದರೂ ಅಷ್ಟು ಬೂದಿಗೆ ಅಷ್ಟೇ ದೊಡ್ಡ ದೇಹ ಬೇಡವೇ?

ಲೆಕ್ಕ ಸರಿಯಾಗಿಯೇ ಇದೆ. ಆದರೆ ಇಂತಹ ಮೈಯನ್ನು ಈ ನೆಲ ಸಾಕಿದ್ದಾದರೂ ಹೇಗೆ? ಪುರಾಣಗಳು ರಕ್ಕಸನ ಆಹಾರ ವಿಹಾರಗಳನ್ನು ಬಹು ನಿಷ್ಠೆಯಿಂದ ಬರೆದಿಟ್ಟಿವೆ. ಬಕಾಸುರನಿಗೆ ಬಂಡಿ ತುಂಬ ಅನ್ನ, ಅದರ ಮೇಲೆ ಎರಡು ಕೋಣ, ಬಂಡಿ ಹೊಡೆದುಕೊಂಡು ಹೋದ ಮನುಷ್ಯನೂ ಬೇಕು. ಮಳೆ ಕೈಕೊಡುವ ಈ ಸೀಮೆಯಲ್ಲಿ ಅಂತಹ ಒಬ್ಬನಿಗೆ ಒಂದು ತಿಂಗಳು ಉಣ್ಣಿಸುವುದರಲ್ಲಿ ಊರಿಗೆ ಊರೇ ಬರಿದಾದೀತು! ಇಲ್ಲಿ ಹೇರಳವಾಗಿ ಸಿಗಬಹುದಾಗಿದ್ದುದು ಒಂದೇ: ಮಳೆಗಾಲದ ಹುಲ್ಲು.

ಹುಲ್ಲಿನ ಜಾಡನ್ನು ಹಿಡಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಈ ದಿಬ್ಬಗಳನ್ನು ಕೆಲವರು ಜ್ವಾಲಾಮುಖಿಯ ಶೇಷವೆಂದೂ, ಕೆಲವರು ಲೋಹ ಕರಗಿಸಿದ ಕುಲುಮೆಯ ಕಸವೆಂದೂ ವಾದಿಸುತ್ತಿದ್ದ 19ನೆಯ ಶತಮಾನದಲ್ಲಿ, ಅವನು ಇವು ಸುಟ್ಟ ಸಗಣಿಯ ರಾಶಿಗಳೆಂದು ಹೇಳಿದನು. ರಾಕ್ಷಸನ ಚಿತೆ ಎಲ್ಲಿ, ತಿಪ್ಪೆ ಎಲ್ಲಿ! ಒಪ್ಪಿಕೊಳ್ಳಲು ಪಂಡಿತರಿಗೆ ಬಹುಕಾಲ ಹಿಡಿಯಿತು. 1957ರಲ್ಲಿ ಎಫ್. ಆರ್. ಆಲ್‌ಚಿನ್ ಅವರು ಮಹಬೂಬ್‌ನಗರ ಸೀಮೆಯ ಉಟ್ನೂರಿನ ದಿಬ್ಬವನ್ನು ಅಗೆದಾಗ ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. ಬೂದಿಯ ಪದರಗಳ ನಡುವೆ ಬೇಲಿಗಂಬಗಳ ಕುಳಿಗಳು ಸಾಲಾಗಿ ಕಂಡವು. ನೆಲದ ಮೇಲೆ ದನಗಳ ಗೊರಸಿನ ಗುರುತುಗಳು ಸಾವಿರಾರು ವರ್ಷಗಳ ಬಳಿಕವೂ ಅಚ್ಚೊತ್ತಿದಂತೆ ಇದ್ದವು. ಅದು ನವಶಿಲಾಯುಗದ ದೊಡ್ಡ ದನದ ದೊಡ್ಡಿ. ಹುಲ್ಲಿನಲ್ಲಿ ಅಡಗಿರುವ ಸಿಲಿಕ ಸಗಣಿಯಲ್ಲಿ ಉಳಿಯುತ್ತದೆ. ಉರಿ ಅತಿಯಾದಾಗ ಅದು ಕರಗುತ್ತದೆ. ರಕ್ಕಸನ ಎಲುಬೆಂದು ತೋರುತ್ತಿದ್ದ ಗಾಜಿನಂತಹ ಕಿಟ್ಟದ ಗುಟ್ಟು ಇಷ್ಟೆ.

ಅಂದ ಮೇಲೆ ಈ ನಾಡಿನಲ್ಲಿ ಬಂಡಿಗಟ್ಟಲೆ ಮೇಯ್ದು, ಬಯಲು ಬರಿದಾದೊಡನೆ ಬೇರೆಡೆಗೆ ನಡೆದ ಮಹಾಕಾಯ ಒಂದು ಇದ್ದುದು ನಿಜ. ಅದಕ್ಕೆ ತಲೆ ಒಂದಲ್ಲ, ನೂರಾರು, ತಲೆಗೆರಡು ಕೊಂಬು. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಅದನ್ನು ಸಾಕಿದವರೇ ಬಂಡೆಗಳನ್ನು ಕುಟ್ಟಿ, ಡುಬ್ಬವುಳ್ಳ ಗೂಳಿಗಳನ್ನು ಮೂಡಿಸಿದ್ದಾರೆ. ಕಿಷ್ಕಿಂಧೆಯ ಕಥೆಯಲ್ಲಿ ವಾಲಿ ಕೊಂದು ಎಸೆದ ದುಂದುಭಿಯೂ ಕೋಣರೂಪದ ಅಸುರನೇ ಎಂಬುದನ್ನು ಇಲ್ಲಿ ನೆನೆದರೆ ತಪ್ಪಾಗಲಾರದು. ಕಥೆಗೂ ದಿಬ್ಬಕ್ಕೂ ನಂಟಿದೆಯೆಂದು ಸಾಧಿಸಲು ಆಧಾರವಿಲ್ಲ. ಆದರೆ ನೆನಪು ಮನಸ್ಸಿಗೆ ಹಿತವಾಗಿದೆ.

ಗೊಬ್ಬರದ ಬೆಲೆ ಬಲ್ಲ ಜನ ಅಷ್ಟು ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದೇಕೆ? ಹೊಲಕ್ಕಿಂತ ಹಿಂಡೇ ಅವರಿಗೆ ಮುಖ್ಯವಾಗಿದ್ದಿರಬೇಕು. ಋತು ತಿರುಗುವಾಗ, ಹಿಂಡಿಗೆ ರೋಗ ತಗುಲದಿರಲೆಂದು ಬೆಂಕಿ ಇಕ್ಕಿದರೆಂದು ಆಲ್‌ಚಿನ್ ಊಹಿಸಿದರು. ಮೈಸೂರು ಸೀಮೆಯ ಓದುಗರಿಗೆ ಇದು ತೀರ ಅಪರಿಚಿತವಲ್ಲ. ಸಂಕ್ರಾಂತಿಯ ಸಂಜೆ ಮೈತೊಳೆದು ಸಿಂಗರಿಸಿದ ದನಗಳನ್ನು ಕಿಚ್ಚು ಹಾಯಿಸುವ ಸಂಭ್ರಮವನ್ನು ಅವರು ಕಂಡೇ ಇದ್ದಾರೆ.

ಮಸ್ಕಿಗೆ ಕೀರ್ತಿ ಬಂದುದು ಮಾತ್ರ ಬೂದಿಯಿಂದಲ್ಲ. 1915ರಲ್ಲಿ ಚಿನ್ನದ ಗಣಿಗಳ ಇಂಜಿನಿಯರ್ ಸಿ. ಬೀಡನ್ ಇಲ್ಲಿಯ ಬಂಡೆಯೊಂದರ ಮೇಲೆ ಕಂಡ ಶಾಸನದಲ್ಲಿ ‘ದೇವಾನಾಂಪ್ರಿಯ’ನೊಂದಿಗೆ ಅಶೋಕನ ಹೆಸರೇ ಇದ್ದಿತು. ಜಂಬೂದ್ವೀಪದಲ್ಲಿ ಮೊದಲು ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆಂದು ಆ ಲಿಪಿ ಸಾರುತ್ತದೆ. ಅದು ಕೆತ್ತಲ್ಪಡುವ ವೇಳೆಗೆ ಬೂದಿದಿಬ್ಬಗಳು ತಣ್ಣಗಾಗಿ ಶತಮಾನಗಳೇ ಕಳೆದಿದ್ದವು. ಶಾಸನಕ್ಕೆ ಇಂದು ಸರ್ಕಾರದ ರಕ್ಷಣೆಯಿದೆ. ದಿಬ್ಬಗಳ ಪಾಡು ಹಾಗಲ್ಲ. ಬೂದಿ ಹೊಲಕ್ಕೆ ಒಳ್ಳೆಯದೆಂದು ರೈತ ತಲೆಮಾರುಗಳಿಂದ ಅಗೆದು ಒಯ್ದಿದ್ದಾನೆ. ಅವನನ್ನು ದೂರುವುದು ಹೇಗೆ? ಪೂರ್ವಿಕರು ಹೊಲಕ್ಕೆ ಹಾಕದೆ ಸುಟ್ಟುದನ್ನು ಅವನು ಹೊಲಕ್ಕೆ ಮುಟ್ಟಿಸುತ್ತಿದ್ದಾನೆ. ಆದರೆ ಗೊರಸಿನ ಗುರುತುಳ್ಳ ಪದರ ಒಮ್ಮೆ ಬಂಡಿಯೇರಿತೆಂದರೆ ಅದನ್ನು ಮತ್ತೆ ಓದುವವರಿಲ್ಲ. ರಕ್ಕಸನ ಭಯವಿದ್ದ ಊರುಗಳಲ್ಲಿ ಗುದ್ದಲಿ ಕೊಂಚ ತಡವಾಗಿ ಎದ್ದಿರಲೂಬಹುದು.