ಮನೆಯ ನಡುವೆ ಹಾದ ಗಡಿ

ನೆದರ್‌ಲೆಂಡ್ಸ್ ದೇಶದ ದಕ್ಷಿಣದಂಚಿನಲ್ಲಿ ಬಾರ್ಲೆ ಎಂಬ ಪುಟ್ಟ ಊರೊಂದಿದೆ. ಗಡಿನಾಡಿನಲ್ಲೇ ಹುಟ್ಟಿ ಬೆಳೆದ ನಮಗೂ ಸೋಜಿಗವೆನಿಸುವ ಊರು ಅದು. ಅಲ್ಲಿ ಡಚ್ ನೆಲದ ನಡುವೆ ಬೆಲ್ಜಿಯಂ ದೇಶದ 22 ತುಣುಕುಗಳಿವೆ. ಆ ತುಣುಕುಗಳ ಒಡಲಲ್ಲಿ ಮತ್ತೆ ಡಚ್ಚರ 7 ತುಣುಕುಗಳು! ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಬ್ರಬಾಂಟಿನ ಡ್ಯೂಕನೂ ಬ್ರೆಡಾದ ಒಡೆಯನೂ ಮಾಡಿಕೊಂಡ ಭೂಮಿಯ ಹಂಚಿಕೆಯೇ ಇದರ ಮೂಲ. ಬೀದಿಯ ಕಲ್ಲುಹಾಸಿನ ಮೇಲಿನ ಬಿಳಿಯ ಶಿಲುಬೆಗಳ ಸಾಲು ಗಡಿಯನ್ನು ಸೂಚಿಸುತ್ತ ಕೆಲವು ಮನೆಗಳನ್ನೇ ಸೀಳಿ ಮುಂದೆ ಸಾಗುತ್ತದೆ. ಅಂಥ ಮನೆ ಯಾವ ದೇಶಕ್ಕೆ ಸೇರಿದ್ದೆಂಬುದನ್ನು ಅದರ ಮುಂಬಾಗಿಲು ನಿರ್ಣಯಿಸುತ್ತದೆ.

ಗಡಿ ಎಷ್ಟೇ ಸುತ್ತಿ ಸುಳಿದರೂ ಎರಡೂ ಕಡೆಯವರ ನುಡಿ ಒಂದೇ, ಡಚ್. ಆಂಟೆನಾಗಳ ಕಾಲದಲ್ಲಿ ದೂರದರ್ಶನದ ಅಲೆಗಳಿಗೆ ಆ ಶಿಲುಬೆಗಳ ಹಂಗಿರಲಿಲ್ಲ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ತಲಪಾಡಿಯ ಗಡಿಯನ್ನು ಲೆಕ್ಕಿಸದೆ ಕಾಸರಗೋಡಿನ ಮನೆಗಳನ್ನು ಹೊಕ್ಕಂತೆಯೇ.

ಅಂತರ್ಜಾಲವು ಬೇರೆಯೇ ಬಗೆಯ ದ್ವಾರಪಾಲಕನನ್ನು ತಂದಿತು. ಜಾಲದ ಪ್ರತಿಯೊಂದು ಸಂಪರ್ಕಕ್ಕೂ ಐಪಿ ಎಂಬ ಅಂಕೆಯ ವಿಳಾಸವುಂಟು. ಯಾವ ಅಂಕೆ ಯಾವ ದೇಶದ ಕಂಪನಿಗೆ ಸೇರಿದ್ದೆಂಬ ಪಟ್ಟಿಯನ್ನು ನೋಡಿ ವೀಕ್ಷಕನ ನೆಲೆಯನ್ನು ಊಹಿಸುತ್ತಾರೆ. ಚಲನಚಿತ್ರ, ಕ್ರೀಡೆಗಳ ಪ್ರಸಾರದ ಹಕ್ಕು ದೇಶ ದೇಶಕ್ಕೂ ಬೇರೆಯಾಗಿ ಮಾರಾಟವಾಗುವುದರಿಂದ, ಹೊರದೇಶದ ಅಂಕೆ ಕಂಡೊಡನೆ ಬಾಗಿಲು ಮುಚ್ಚುತ್ತದೆ. ಬಾರ್ಲೆಯ ಮನೆಯೊಂದರಲ್ಲಿ ಗೋಡೆಯ ಸಂಪರ್ಕ ಡಚ್ ಕಂಪನಿಯದಾದರೆ ಮನೆಯೊಡೆಯ ಡಚ್ ನೆಲದಲ್ಲಿರುವನೆಂದೇ ಲೆಕ್ಕ. ಅದೇ ಕುರ್ಚಿಯಲ್ಲಿ ಕುಳಿತು ಬೆಲ್ಜಿಯಂ ಸಿಮ್ಮಿನ ಮೊಬೈಲನ್ನು ತೆರೆದರೆ ಆತ ಬೆಲ್ಜಿಯಂ ದೇಶದಲ್ಲಿರುವವನಾಗುತ್ತಾನೆ! ನೆರೆದೇಶದ ಗೋಪುರವನ್ನು ಹಿಡಿದರೂ ಮೊಬೈಲಿನ ಸಂಪರ್ಕ ಸಾಮಾನ್ಯವಾಗಿ ತವರಿನ ಕಂಪನಿಯ ಮೂಲಕವೇ ಜಾಲವನ್ನು ಸೇರುತ್ತದೆ. ಇಲ್ಲಿ ಮುಂಬಾಗಿಲಿಗೂ ಬೆಲೆಯಿಲ್ಲ, ಮಾತಾಡುವ ನುಡಿಗೂ ಬೆಲೆಯಿಲ್ಲ.

ಐರೋಪ್ಯ ಒಕ್ಕೂಟವು 2018ರ ಏಪ್ರಿಲ್ 1ರಿಂದ ಒಂದು ಪರಿಹಾರವನ್ನು ಜಾರಿಗೆ ತಂದಿತು. ಹಣ ತೆತ್ತ ಚಂದಾದಾರನು ಒಕ್ಕೂಟದ ಬೇರೆ ದೇಶದಲ್ಲಿ ತಾತ್ಕಾಲಿಕವಾಗಿ ತಂಗಿದಾಗಲೂ ತವರಿನ ಕಾರ್ಯಕ್ರಮಗಳನ್ನು ನೋಡಬಹುದು. ಅದೇ ವರ್ಷದ ಡಿಸೆಂಬರಿನಲ್ಲಿ, ವ್ಯಾಪಾರದಲ್ಲಿ ಇಂಥ ತಡೆಯನ್ನು ನಿಷೇಧಿಸುವ ಇನ್ನೊಂದು ನಿಯಮ ಜಾರಿಯಾದರೂ ಅದು ಚಲನಚಿತ್ರಗಳನ್ನು ಹೊರಗಿಟ್ಟಿತು. ಹೀಗೆ ಪ್ರವಾಸಿಗೆ ದೊರೆತ ಸೌಲಭ್ಯ ಪಕ್ಕದ ಮನೆಯವನಿಗೆ ದೊರೆಯಲಿಲ್ಲ.

ಭಾರತದಲ್ಲಿ ಇಂಥ ಹಕ್ಕುಗಳು ಹೆಚ್ಚಾಗಿ ಇಡೀ ದೇಶಕ್ಕೆ ಸಲ್ಲುವುದರಿಂದ ತಲಪಾಡಿಯ ಗೆರೆ ನಮ್ಮನ್ನು ಅಷ್ಟಾಗಿ ಬಾಧಿಸದು. ಆದರೆ ದುಬೈಗೆ ದುಡಿಯಲು ಹೋದ ನಮ್ಮ ಮಕ್ಕಳಿಗೆ, ಊರಿನಲ್ಲಿ ನೋಡುತ್ತಿದ್ದ ಕನ್ನಡ ಚಿತ್ರ ಅಲ್ಲಿ ಕಾಣದಿರುವುದುಂಟು. ಹಕ್ಕನ್ನು ಮಾರುವವರು ನೆಲದ ಜೊತೆಗೆ ನುಡಿಯನ್ನೂ ಅಳತೆಗೋಲಾಗಿ ಹಿಡಿಯುವುದು ನ್ಯಾಯ. ಹೊರನಾಡಿನಲ್ಲಿದ್ದು ಹಣ ತೆರಲು ಸಿದ್ಧನಿರುವ ಕನ್ನಡಿಗನೂ ಕನ್ನಡದ ಪ್ರೇಕ್ಷಕನೇ ಅಲ್ಲವೆ?